ಬಾಗಿಲ ಚೌಕಟ್ಟಿನ ಮೇಲಿನ ಕೈ

ನಮ್ಮ ಲೆಕ್ಕ ಬರೆಯುವ ತಿಮ್ಮರಾಜಣ್ಣ ಹತ್ತೊಂಬತ್ತು ವರ್ಷಗಳಲ್ಲಿ ಒಂದು ದಿನವೂ ನನ್ನ ಕೋಣೆಯ ಒಳಗೆ ಕಾಲಿಟ್ಟವರಲ್ಲ. ಹೊಸ್ತಿಲ ಆಚೆಗೇ ನಿಂತು, ಎಡಗೈಯಲ್ಲಿ ಫೈಲನ್ನು ಎದೆಗವಚಿಕೊಂಡು, ಬಲಗೈಯನ್ನು ಬಾಗಿಲ ಚೌಕಟ್ಟಿಗೆ ಕೊಟ್ಟು, "ಬಿಲ್ಲು?" ಎನ್ನುವ ಒಂದೇ ಮಾತನ್ನಾಡಿ, ಅದು ಸಿಗುವ ತನಕ ಕದಲದೆ ಉಳಿಯುವುದು ಅವರ ಕ್ರಮ. ಮೂರು ಭಾಷೆಗಳ ಗಡಿಯೂರಾದ ಮತ್ತಿಗಿರಿಯ ನನ್ನ ಸಣ್ಣ ಕಾರ್ಖಾನೆಗೆ, ಅಂದರೆ ದೊಡ್ಡ ಕಂಪನಿಗಳಿಗೆ ಕಬ್ಬಿಣದ ಬಿಡಿಭಾಗ ಒತ್ತಿಕೊಡುವ ಶೆಡ್ಡಿಗೆ, ಎರಡು ಸಲ ಬಣ್ಣ ಹೊಡೆಸಿದ್ದೇನೆ. ಎರಡು ಸಲವೂ ಆರು ತಿಂಗಳೊಳಗೆ ಆ ಚೌಕಟ್ಟಿನ ಮೇಲೆ, ಎದೆಯೆತ್ತರದಲ್ಲಿ, ಅಂಗೈಯಗಲದ ಕಪ್ಪು ಕಲೆ ಮತ್ತೆ ಮೂಡಿದೆ. ಅದನ್ನು ನಾನು ಬಹುಕಾಲ ಅವರ ಅಹಂಕಾರದ ಮುದ್ರೆಯೆಂದೇ ತಿಳಿದಿದ್ದೆ.

ಮೇ ತಿಂಗಳ ಉರಿಯಲ್ಲೂ ತೋಳಿಲ್ಲದ ಕಂದು ಸ್ವೆಟರ್, ಜೇಬಿನಲ್ಲಿ ಒಂದು ನೀಲಿ ಪೆನ್ನು, ಒಂದು ಕೆಂಪು. ನಡೆಯುವಾಗ ಎಡಭುಜ ಮುಂದೆ, ಉಳಿದ ದೇಹ ಅದರ ಹಿಂದೆ, ಸಂತೆಯ ಜನಜಂಗುಳಿಯನ್ನು ಸೀಳಿಕೊಂಡು ಹೋಗುವವರ ಹಾಗೆ. ಕುರ್ಚಿಯಿದ್ದರೂ ಕೂರುವವರಲ್ಲ, ಅತ್ತಿತ್ತ ತಿರುಗುತ್ತಲೇ ಲೆಕ್ಕ. ಕೂಡುವುದು ತೆಲುಗಿನಲ್ಲಿ, ಗೊಣಗುವುದು ತಮಿಳಿನಲ್ಲಿ, ನನ್ನೊಡನೆ ಹಟ ಹಿಡಿಯುವುದು ಮಾತ್ರ ಕನ್ನಡದಲ್ಲಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಆ ಮೂರರಲ್ಲೂ ಬೈಯಲು ಬರುತ್ತದೆ, ಬೈದಿದ್ದೇನೆ. ಒಮ್ಮೆ ಡೀಸೆಲ್ಲಿನ ಚೀಟಿ ಕೇಳಿದರೆಂದು ಸ್ಟೀಲ್ ಲೋಟವನ್ನೇ ಬೀಸಿ ಎಸೆದೆ. ಅದು ಅವರ ಕಿವಿಯ ಪಕ್ಕದಿಂದ ಹಾರಿ ಮಷೀನಿನ ಕೆಳಗೆ ಉರುಳಿತು. ಅವರು ಹೋಗಿ, ಬಗ್ಗಿ, ಲೋಟ ಎತ್ತಿ ತಂದು ಹೊಸ್ತಿಲ ಮೇಲಿಟ್ಟು, ಕೈಯನ್ನು ಚೌಕಟ್ಟಿಗೆ ಕೊಟ್ಟು, "ಚೀಟಿ?" ಎಂದರು.

ಹೋದ ವರ್ಷದ ದೀಪಾವಳಿ ಕಳೆದ ಮೇಲೆ ಅವರ ಕಣ್ಣಿನ ಅಂಚುಗಳು ಕತ್ತಲಾಗತೊಡಗಿದವು. ಎದುರಿನದು ಕಾಣುತ್ತದೆ, ಪಕ್ಕದ್ದು ಕಾಣದು. ಹೋದ ದೃಷ್ಟಿ ಮರಳುವುದಿಲ್ಲ ಎಂದು ಡಾಕ್ಟರು ಹೇಳಿದರಂತೆ. ಮೇ ತಿಂಗಳ ಕೊನೆಗೆ ಒಂದು ಬೆಳಿಗ್ಗೆ ಹೊಸ್ತಿಲಲ್ಲಿ ನಿಂತು, "ಜೂನ್ ಮುಗಿಯೋವರ್ಗೂ ಬತ್ತೀನಿ ಯಜಮಾನ್ರೇ. ಅಷ್ಟ್ರೊಳ್ಗೆ ಒಬ್ಬ ಜೂನಿಯರ್ ಅಕೌಂಟೆಂಟ್‌ನ ಕೂರಿಸ್ಬುಟ್ಟು ಹೋಯ್ತೀನಿ. ಆದ್ರೆ ನಾನೇ ಆರಿಸ್ಬೇಕು" ಎಂದರು. ನಮ್ಮ ಫೈನಾನ್ಸ್ ವಿಭಾಗವೆಂದರೆ ಅವರೊಬ್ಬರೇ. ಜುಲೈ ಮೊದಲ ವಾರ ದೊಡ್ಡ ಕಂಪನಿಯವರು ಪುಸ್ತಕ ನೋಡಲು ಬರುವವರಿದ್ದರು. ಆಗ ಲೆಕ್ಕ ಹೇಳುವ ಜನವಿಲ್ಲದಿದ್ದರೆ ಆರ್ಡರೇ ಹೋದಂತೆ. ಆಗಲಿ ಎಂದೆ. ಆ ತಿಂಗಳಿಡೀ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಬಂದವರೆಲ್ಲ ಬಿ.ಕಾಂ., ಎಲ್ಲರಿಗೂ ಟ್ಯಾಲಿ ಗೊತ್ತು. ತಿಮ್ಮರಾಜಣ್ಣ ಅವರನ್ನು ಅರ್ಧ ಗಂಟೆ ಮಾತಾಡಿಸಿ, ಕೈಗೊಂದು ವೋಚರು ಕೊಟ್ಟು ನನ್ನ ಬಾಗಿಲಿಗೆ ಅಟ್ಟುವರು: ಕೃಷ್ಣಗಿರಿ ಮಂಡಿಯಿಂದ ಕೆಲಸಗಾರರಿಗೆಂದು ತರಿಸಿದ ಮಾವಿನಹಣ್ಣಿಗೆ ಬಿಲ್ಲಿಲ್ಲ, ಸಾರ್ ಹತ್ತಿರ ಕೇಳಿ ತನ್ನಿ. ಮೊದಲನೆಯವನಿಗೆ ಇಲ್ಲ ಎಂದೆ. ಮೂರನೆಯವನಿಗೆ ಗದರಿದೆ. ಐದನೆಯವನು ಬರುವಷ್ಟರಲ್ಲಿ ನೆತ್ತಿ ಕಾದಿತ್ತು. "ಮಾವಿನಣ್ಣಿಗೂ ಬಿಲ್ಲೇನ್ಲಾ? ಹೋಗಿ ಮರಾನ ಕೇಳು, ಕೊಡ್ತದೆ!" ಅವನು ಊಟದ ಡಬ್ಬಿಯನ್ನೂ ಮರೆತು ಓಡಿಹೋದ.

ಎಂಟನೆಯವನು ಕುಮಾರೇಶ್. ನೇರ ಒಳಗೆ ಬಂದು ಕುರ್ಚಿ ಎಳೆದುಕೊಂಡ. ನಾನು ಕೂಗಿದರೆ ನಕ್ಕ. "ಬಿಲ್ಲು ತಾನೆ ಸಾರ್, ಟೆನ್ಶನ್ ಬೇಡ. ಒಂದು ರೆಡಿ ಮಾಡಿ ಹಾಕಿದ್ರಾಯ್ತು." ನನಗೆ ಹಿಡಿಸಿಬಿಟ್ಟ. ತಿಮ್ಮರಾಜಣ್ಣ ತಲೆಯಾಡಿಸಿದರು.

"ಬ್ಯಾಡ. ಅವ್ನಿಗೆ ಭಯಾನೇ ಇಲ್ಲ. ನಿಮ್ಗೇ ಹೆದ್ರದೋನು ಲೆಕ್ಕಕ್ಕೆ ಹೆದರ್ತಾನಾ?"

"ಏನಣ್ಣ ನೀನು, ಜೂನಿಯರ್ ಹುಡುಕ್ತಿದ್ದೀಯೋ, ಅಳಿಯನ್ನ ಹುಡುಕ್ತಿದ್ದೀಯೋ?"

"ಅಳಿಯನ್ನಾಗಿದ್ರೆ ಇಷ್ಟ್ ನೋಡ್ತಿರ್ಲಿಲ್ಲ ಯಜಮಾನ್ರೇ."

ಜೂನ್ ಮುಗಿಯಲು ಮೂರು ದಿನವಿದ್ದಾಗ ಬೇರಿಕೆ ಊರಿನಿಂದ ಸುಗುಣಾ ಬಂದಳು. ಬಡಕಲು ಹುಡುಗಿ, ಕೈಯಲ್ಲಿ ಅದೇ ಮಾವಿನಹಣ್ಣಿನ ವೋಚರು. ಹಿಂದಿನ ಎಂಟೂ ಜನರ ಮೇಲೆ ತೀರದೆ ಉಳಿದಿದ್ದ ಸಿಟ್ಟನ್ನೆಲ್ಲ ಅವಳ ಮೇಲೆ ಸುರಿದೆ. ಅವಳು ಹೊರಟುಹೋದಳು. ಅಂಗಳದ ನಲ್ಲಿಯಲ್ಲಿ ಮುಖ ತೊಳೆಯುವುದು ಕಿಟಕಿಯಿಂದ ಕಂಡಿತು. ಇವಳೂ ಮುಗಿದಳು ಎಂದುಕೊಳ್ಳುವಷ್ಟರಲ್ಲಿ ಮತ್ತೆ ಬಾಗಿಲಲ್ಲಿದ್ದಳು. ಒಂದು ಕೈಯಲ್ಲಿ ವೋಚರು, ಇನ್ನೊಂದು ಕೈ ಬಾಗಿಲ ಚೌಕಟ್ಟಿನ ಮೇಲೆ.

"ಸಾರ್, ಬಿಲ್ಲು ಇಲ್ಲ ಅಂದ್ರೆ ಇಲ್ಲ ಅಂತ ಬರ್ದು ಸೈನ್ ಆಕ್ಕೊಡಿ. ಬರೀ ಬಾಯಲ್ಲಿ ಯೋಳಿದ್ರೆ ಎಂಟ್ರಿ ಆಕಕ್ಕಾಗಲ್ಲ."

"ಹಾಕ್ದಿದ್ರೆ ಏನ್ ಮಾಡ್ತೀಯಮ್ಮಾ?"

"ಇಲ್ಲೇ ನಿಂತಿರ್ತೀನಿ ಸಾರ್. ನಮ್ಮೂರಿಗೆ ಲಾಸ್ಟ್ ಬಸ್ಸು ಒಂಬತ್ಗಂಟೆಗೆ."

ಬರೆದು ಸೈನ್ ಹಾಕಿದೆ. ಅವಳ ಬೆನ್ನ ಹಿಂದೆ ನಿಂತಿದ್ದ ತಿಮ್ಮರಾಜಣ್ಣ ಆಗ ಎದೆಯ ಮೇಲಿನ ಫೈಲನ್ನು ಬಿಡಿಸಿ, ಮಂಡಿಯ ಬಿಲ್ಲನ್ನು ಹೊರತೆಗೆದರು. ಹಣ್ಣು ಬಂದ ದಿನವೇ ಅದನ್ನು ನಾನು ಕೊಟ್ಟಿದ್ದೆನಂತೆ, ಮರೆತಿದ್ದೆ.

"ಹಂಗಾದ್ರೆ ಒಂದು ತಿಂಗಳು ನನ್ನ ಯಾಕೆ ಕೂಗಾಡಿಸ್ದೆ?"

"ಲೆಕ್ಕ ಯಾರ್ ಬೇಕಾದ್ರೂ ಕಲೀತಾರೆ. ನಿಮ್ಮನ್ನ ಎರಡ್ನೇ ಸಲ ಕೇಳೋರು ಬೇಕಾಗಿತ್ತು."

ಲೋಟ ಕೈಗೆ ಸಿಕ್ಕಿತ್ತು. ಎಸೆಯಲಿಲ್ಲ. "ನೀನು ಯಾವತ್ತೂ ಹೆದರ್ದೋನಲ್ಲ, ನಿನ್ನಂಗೇ ಇನ್ನೊಬ್ರು ಬೇಕು ಅಂತ್ಲಾ?" ಎಂದೆ.

ಅವರು ಸುಗುಣಾಳ ಕಡೆ ನೋಡಲು ಇಡೀ ತಲೆಯನ್ನೇ ತಿರುಗಿಸಬೇಕಾಯಿತು. "ಹೆದರ್ಲಿಲ್ಲ ಅಂತ ಯಾರ್ ಯೋಳಿದ್ದು? ಕಾಲು ನಡುಗ್ತಿತ್ತು ಯಜಮಾನ್ರೇ, ಹತ್ತೊಂಬತ್ತು ವರ್ಸಾನೂ. ಒಳಗ್ ಬಂದ್ರೆ ಹಿಡ್ಕಳಕ್ಕೆ ಏನೂ ಇರ್ಲಿಲ್ಲ."

ಅವರು ಈಗ ಅವಲಪಲ್ಲಿಯ ಮನೆಯಲ್ಲಿದ್ದಾರೆ. ದೊಡ್ಡ ಕಂಪನಿಯವರು ಬಂದು, ಎರಡು ದಿನ ಪುಸ್ತಕ ತಿರುವಿ, ಸುಗುಣಾಳ ಉತ್ತರಗಳನ್ನು ಬರೆದುಕೊಂಡು ಹೋದರು, ಆರ್ಡರು ಉಳಿಯಿತು. ನನ್ನ ಬಾಯಿ ಮೊದಲಿನ ಹಾಗೇ ಇದೆ. ಚೌಕಟ್ಟಿನ ಮೇಲೆ ಹಳೆಯ ಕಲೆಗಿಂತ ಒಂದು ಗೇಣು ಕೆಳಗೆ ಇನ್ನೊಂದು, ಚಿಕ್ಕದು, ಮೆಲ್ಲಗೆ ಕಪ್ಪಾಗುತ್ತಿದೆ. ಧೈರ್ಯಶಾಲಿಗಳೆನಿಸಿಕೊಂಡವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಗಟ್ಟಿ ದನಿಯೇ ಅವರ ಬಂಡವಾಳ, ನಾನೂ ಆ ಪೈಕಿಯವನೇ. ತಿಮ್ಮರಾಜಣ್ಣನಂಥವರ ಬಗೆ ಬೇರೆ. ಅವರು ಹೆದರಿಕೆಯನ್ನು ಮನೆಯಲ್ಲಿ ಬಿಟ್ಟು ಬರುವುದಿಲ್ಲ. ಜೊತೆಗೇ ತಂದು, ಹಿಡಿದುಕೊಳ್ಳಲು ಏನಾದರೊಂದು ಆಸರೆ ಹುಡುಕಿಕೊಂಡು, ಕೇಳಬೇಕಾದ್ದನ್ನು ಕೇಳಿಯೇ ಹೋಗುತ್ತಾರೆ. ಅಂಥವರು ಕೇಳುವುದನ್ನು ನಿಲ್ಲಿಸಿದ ಕಡೆ, ನನ್ನಂಥವರಿಗೆ ಕೊನೆಗೆ ನಮ್ಮ ಕೂಗೊಂದೇ ಕೇಳಿಸುತ್ತಿರುತ್ತದೆ.