ನಂಗು ಮೀನಿನ ಇನ್ನರ್ಧ ಪಾಲು

ಮದ್ದೂರು ಸಂತೆಯ ಆ ಕಾಲ ಇನ್ನೆಲ್ಲಿ ಬರಬೇಕು! ಯುದ್ಧ ಮುಗಿದು ಎರಡು ವರ್ಷವಾದರೂ ಒಣಮೀನು ಮಾರುವ ಬೀರಮ್ಮನಿಗೆ ಹಳೆಯದೇ ಧ್ಯಾನ. ಯುದ್ಧಕ್ಕೆ ಮುಂಚೆ ಕರಾವಳಿಯ ಒಣ ನಂಗು ಮೀನು ಲಾರಿಯಲ್ಲಿ ಘಟ್ಟ ಹತ್ತಿ ಬರುತ್ತಿತ್ತು. ಹತ್ತು ಮೂಟೆಯಲ್ಲಿ ಆರು ಮಲ್ಪೆಯದು, ಮೂರು ಕಣ್ಣಾನೂರಿನದು, ಮಿಕ್ಕಿದ್ದೊಂದು ಯಾವೂರಿನದೋ. ಬಿಚ್ಚುವ ಮುಂಚೆಯೇ ಮೂಸಿ ಹೇಳುತ್ತಿದ್ದಳು. ಮಲ್ಪೆಯದಕ್ಕೆ ಉಪ್ಪು ಹಿತ, ಕಣ್ಣಾನೂರಿನದಕ್ಕೆ ಮರಳು ಜಾಸ್ತಿ. ಆಣೆಗೆ ಹನ್ನೆರಡು. ಕೆಂಡದಲ್ಲಿ ಸುಟ್ಟ ಒಂದು ನಂಗು ಇದ್ದರೆ ಎರಡು ಮುದ್ದೆ ಸಲೀಸಾಗಿ ಇಳಿಯುತ್ತಿತ್ತು.

ಗಿರಾಕಿಗಳ ತಗಾದೆ ಮಾತ್ರ ಒಂದೇ. ನಂಗು ಚಪ್ಪಟೆ ಮೀನು. ಎರಡು ಕಣ್ಣೂ ಒಂದೇ ಮಗ್ಗುಲಲ್ಲಿ, ಇನ್ನೊಂದು ಮಗ್ಗುಲು ಬೋಳು ಬಿಳುಪು. ಕೆರೆಮೀನನ್ನಷ್ಟೇ ಕಂಡ ಜನ ನಂಬುತ್ತಾರೆಯೇ? "ಸೀಳ್ಬುಟ್ಟು ಇನ್ನರ್ಧವ ಎಲ್ಲಮ್ಮೀ ಮಾರ್ಕೊಂಡೆ?" ಎಂದು ಗದರುತ್ತಿದ್ದರು. "ಇದು ಉಟ್ಟೋದೇ ಇಂಗೆ ಕಣ್ಲಾ!" ಎಂದು ಹೇಳಿ ಹೇಳಿ ಬೀರಮ್ಮನ ಬಾಯಿ ಒಣಗಿತ್ತು.

ಯುದ್ಧ ಬಂತು. ಮೀನಿನಲ್ಲಿ ಸೈನ್ಯಕ್ಕೆ ಮೊದಲ ಪಾಲು, ಸಂತೆಗೆ ಮಿಕ್ಕಿದ್ದು. ಹತ್ತು ಮೂಟೆ ಮೂರಾಯಿತು. ಆಣೆಗೆ ಆರೇ ಎಂದಾಗ, ಅರ್ಧ ಮೀನಿಗೆ ಇಷ್ಟು ರೇಟಾ ಎಂದು ಜನ ಮೈಮೇಲೆ ಬಿದ್ದರು. ಸಾಕಾಗಿ ಒಂದು ದಿನ ಅಂದುಬಿಟ್ಟಳು: "ಊಂ, ಅರ್ಧವೇಯ. ಇನ್ನರ್ಧ ಮಿಲ್ಟ್ರಿಯೋರ ಪಾಲು. ಓಗಿ ಸರ್ಕಾರನ ಕೇಳು!" ನಿಜಕ್ಕೆ ಜಗಳವಾಡಿದ ಜನ ಸುಳ್ಳಿಗೆ ತಲೆದೂಗಿದರು.

ಆತಗೂರಿನ ಚಿಕ್ಕನಂಜಮ್ಮ ಮಾತ್ರ ಅಲ್ಲೇ ನಿಂತಳು. ಅವಳ ಗಂಡ ಚಿಕ್ಕಬೋರಯ್ಯ ಸೈನ್ಯ ಸೇರಿ ಬರ್ಮಾ ಕಡೆ ಹೋಗಿದ್ದ. "ಅಂಗಾರೆ ನಮ್ಮೋರ್ಗೂ ಓಯ್ತದಾ?" ಎಂದಳು. ಬೀರಮ್ಮ ಎಣಿಸುವ ಅವಸರದಲ್ಲಿ "ಓಗ್ದೆ ಇನ್ನೇನು" ಎಂದಳು. ಅವತ್ತಿನಿಂದ ಆಕೆ ಒಂದು ಸಂತೆ ತಪ್ಪಿಸಲಿಲ್ಲ. ಒಂದೇ ಮೀನು ಕೊಳ್ಳುವಳು. "ಅಲ್ಲಿ ಅವ್ನು, ಇಲ್ಲಿ ನಾನು, ಇಬ್ರೂ ಒಂದೇ ಮೀನ ಉಣ್ತೀವಿ ಕಣಕ್ಕ" ಎಂದು ನಗುವಳು. ಆ ನಗುವಿನ ಮುಂದೆ ನಿಜ ಹೇಳಲು ಬೀರಮ್ಮನಿಗೆ ನಾಲಿಗೆ ಏಳಲಿಲ್ಲ. ದಪ್ಪ ಮೀನು ಆರಿಸಿ ಅವಳಿಗೆಂದು ಎತ್ತಿಡುವಳು. ಎರಡು ವರ್ಷ ಹಾಗೇ ನಡೆಯಿತು, ಬೀರಮ್ಮನಿಗೂ ಅವಳು ಬಂದರೇ ಸಂತೆ.

ಆಮೇಲೆ ಚಿಕ್ಕಬೋರಯ್ಯ ತೀರಿಹೋದನೆಂದು ಕಾಗದ ಬಂತು. ಮೂರು ಸಂತೆ ಕಾಣದಿದ್ದ ಚಿಕ್ಕನಂಜಮ್ಮ ನಾಲ್ಕನೆಯದಕ್ಕೆ ಬಂದು ಅಂಗಡಿ ಮುಂದೆ ಕುಕ್ಕರಿಸಿದಳು. ಹಣೆ ಬರಿದಾಗಿತ್ತು.

"ಅವ್ನ ಪಾಲ ಇನ್ಯಾರ್ಗೂ ಕಳಿಸ್ಬ್ಯಾಡ ಕಣಕ್ಕ. ಇಲ್ಲೇ ಕೊಟ್ಬುಡು. ಎಡೆ ಇಡ್ಬೇಕು."

ಬೀರಮ್ಮ ಒಂದು ನಂಗು ಎತ್ತಿ ಅವಳ ಮುಂದಿಟ್ಟಳು. ಸತ್ತವನ ಎಡೆಗೆ ಸುಳ್ಳು ಬಡಿಸುವುದು ಹೇಗೆ? "ನಂಜೀ, ಸುಳ್ಳಾಡ್ಬುಟ್ಟೆ ಕಣವ್ವ. ಇದೇ ಪೂರ್ತಿ ಮೀನು. ಇನ್ನರ್ಧ ಅನ್ನೋದು ಯಾವತ್ತೂ ಇರ್ನಿಲ್ಲ" ಎಂದಳು.

ಚಿಕ್ಕನಂಜಮ್ಮ ಮೀನನ್ನು ಕೈಗೆತ್ತಿಕೊಂಡು ಮಗುಚಿ ಮಗುಚಿ ನೋಡಿದಳು.

"ಅಂಗಾರೆ ಅವ್ನು ಅಲ್ಲಿ ಏನುಂಡ್ನಕ್ಕ?"