ಪಾಲಿನ ಬಾವಿಯ ಡಬ್ಬಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಇಂಡಿ ಊರಿನ ಬಜಾರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಸುಳ್ಳೇನಲ್ಲ. ಕಾವೇರಿ ಮೊದಲ ಸಲ ಬಂದು ನನ್ನ ವರ್ಕ್‌ಶಾಪಿನ ಮೆಟ್ಟಿಲ ಮೇಲೆ ಕೂತಾಗ ನಾನು ಅವಳಿಗೆ ಕುಡಿಯಲು ನೀರು ಬೇಕೇ ಎಂದು ಕೂಡ ಕೇಳಲಿಲ್ಲ.

"ನಮ್ಮನಿಯವ್ರು ಒತ್ತಿಲ್ಲಂತಾರ್ರಿ ಅಕ್ಕಾರ. ಮಕ್ಕಳ ಮ್ಯಾಲ ಆಣಿ ಮಾಡ್ಯಾರ," ಎಂದಳು.

"ನಿನ್ನ ಗಂಡ ಒತ್ತಿಲ್ಲಂದ್ರ ಮತ್ತ ನಾ ಒತ್ತೇನೇನು? ನನ್ನ ಡಬ್ಬಿ ತಾನ ಚಾಲೂ ಆಗೂದಿಲ್ಲ. ಪೊಲೀಸ್ರಿಗೆ ಬರದ ಕೊಟ್ಟೇನಿ. ಮತ್ತೇನ ಬೇಕು ನಿನಗ?" ಎಂದು ಒಳಗೆ ಹೋಗಿಬಿಟ್ಟೆ.

ನನ್ನ ಹೆಸರು ವಿಜಯಲಕ್ಷ್ಮಿ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಹದಿನಾಲ್ಕು ವರ್ಷದಿಂದ ಹೊಲದ ಮೋಟಾರುಗಳಿಗೆ ಸ್ಟಾರ್ಟರ್ ಡಬ್ಬಿ ಮಾಡುತ್ತೇನೆ. ಬೋರ್ಡು ನನ್ನದು, ಅದರೊಳಗಿನ ಪ್ರೋಗ್ರಾಮೂ ನನ್ನದೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ತಾಲ್ಲೂಕಿನಲ್ಲಿ ಸೇರಿ ಇನ್ನೂರರ ಮೇಲೆ ಡಬ್ಬಿಗಳಿವೆ. ಅವನ್ನು ಹೊಲಕ್ಕೆ ಹೋಗಿ ಕೂಡಿಸುವವನು, ರಿಪೇರಿ ಮಾಡುವವನು ದಿಲಾವರ. ಡಬ್ಬಿಗೆ ತನ್ನದೇ ವೈಫೈ ಇದೆ. ಬದುವಿನ ಮೇಲೆ ನಿಂತು ಫೋನು ಒತ್ತಿದರೆ ಸಾಕು, ಮೋಟಾರು ಚಾಲೂ. ಆಟೋ ಇಟ್ಟರೆ ತ್ರೀಫೇಸ್ ಕರೆಂಟು ಬಂದ ಕೂಡಲೇ ತಾನೇ ಚಾಲೂ ಆಗುತ್ತದೆ. ಆಟೋ ತೆಗೆದಿಟ್ಟರೆ ಫೋನಿನಿಂದ ಹೇಳುವ ತನಕ ಸುಮ್ಮನಿರುತ್ತದೆ. ಫೋನಿಗೂ ಡಬ್ಬಿಗೂ ನಡುವೆ ಟವರಿನ ಕೆಲಸವೇ ಇಲ್ಲದ್ದರಿಂದ ಯಾವ ಮೊಬೈಲ್ ಕಂಪನಿಯಲ್ಲೂ ದಾಖಲೆ ಸಿಗುವುದಿಲ್ಲ. ಯಾವ ಹೊತ್ತಿಗೆ, ಯಾರ ಫೋನಿನಿಂದ ಚಾಲೂ ಆಯಿತೆಂಬುದನ್ನು ಡಬ್ಬಿಯೊಂದೇ ತನ್ನೊಳಗೆ ಬರೆದಿಟ್ಟುಕೊಳ್ಳುತ್ತದೆ.

ಲಚ್ಯಾಣದ ಹೊಲದಲ್ಲಿ ಕಾವೇರಿಯ ಗಂಡ ಸಂಗಣ್ಣನಿಗೂ ಪಕ್ಕದ ಹೊಲದ ಖಂಡೆಪ್ಪನಿಗೂ ಕೂಡಿ ಒಂದು ಪಾಲಿನ ಬಾವಿ. ಮೂರು ದಿನ ಇವನ ಪಾಳಿ, ಮೂರು ದಿನ ಅವನ ಪಾಳಿ. ನಮ್ಮ ಕಡೆ ಪಾಲಿನ ಬಾವಿಗಳಲ್ಲಿ ಒಂದು ರೂಢಿಯಿದೆ. ಬಾವಿಗೆ ಇಳಿಯುವವನು ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಸ್ಟಾರ್ಟರಿನ ಮೇಲೆ ಹಾಕಿ ಇಳಿಯುತ್ತಾನೆ. ಆ ಬಟ್ಟೆ ಅಲ್ಲಿರುವ ತನಕ ಮಾತು ಬಿಟ್ಟ ದಾಯಾದಿ ಕೂಡ ಸ್ಟಾರ್ಟರಿಗೆ ಕೈ ಹಚ್ಚುವುದಿಲ್ಲ. ಹಳೆಯ ಸ್ಟಾರ್ಟರಿಗೆ ಅಷ್ಟೇ ಸಾಕಾಗುತ್ತಿತ್ತು, ಯಾಕೆಂದರೆ ಕರೆಂಟು ಹೋಗಿ ಬಂದರೂ ಹಸಿರು ಗುಂಡಿ ಒತ್ತದೆ ಅದು ಚಾಲೂ ಆಗುತ್ತಿರಲಿಲ್ಲ. ಈ ರೂಢಿ ಬಿಡಬಾರದೆಂದೇ ಇಬ್ಬರೂ ಕೂಡಿ ಹೇಳಿ, ದಿಲಾವರನ ಕೈಯಿಂದ ಆಟೋ ತೆಗೆಸಿದ್ದರು.

ಫೆಬ್ರವರಿಯಲ್ಲಿ ಒಂದು ಮುಂಜಾನೆ ಕರೆಂಟಿಲ್ಲದ ಹೊತ್ತು ನೋಡಿ ಖಂಡೆಪ್ಪ ವಲ್ಲಿ ಹಾಕಿ ಬಾವಿಗಿಳಿದ. ಕೆಳಗೆ ಮೋಟಾರಿನ ಕೇಬಲ್ಲಿನ ಜಾಯಿಂಟು ಬಿಚ್ಚಿ ಕೂತ. ಕರೆಂಟು ಬಂತು, ಡಬ್ಬಿ ಚಾಲೂ ಆಯಿತು, ಅವನು ಜಾಯಿಂಟು ಕೈಯಲ್ಲಿ ಹಿಡಿದಂತೆಯೇ ಸತ್ತ. ಸಂಗಣ್ಣ ಆಗ ಬದುವಿನ ಮೇಲಿದ್ದ, ಫೋನು ಅಂಗಿಯ ಕಿಸೆಯಲ್ಲಿತ್ತು. ಖಂಡೆಪ್ಪ ಪಾಳಿ ತಪ್ಪಿಸಿದನೆಂದು ಎರಡು ದಿನದ ಹಿಂದಷ್ಟೇ ಸಂತೆಯಲ್ಲಿ ಇಬ್ಬರೂ ಕೊರಳಪಟ್ಟಿ ಹಿಡಿದಾಡಿದ್ದನ್ನು ಊರೆಲ್ಲ ಕಂಡಿತ್ತು.

ಪೊಲೀಸರು ನನ್ನನ್ನು ಕೇಳಿದರು. ಡಬ್ಬಿ ಶಾರ್ಟಾಗಿ ಒಂದು ಮಗ್ಗುಲು ಸುಟ್ಟು ಕರ್ರಗಾಗಿತ್ತು, ಜೀವ ಹಿಡಿಯುತ್ತಿರಲಿಲ್ಲ. ನನಗೇ ಗೊತ್ತಿರುವ ಸಂಗತಿಗೆ ಅದನ್ನು ಬಿಚ್ಚಿ ನೋಡುವುದೇನು ಎನ್ನಿಸಿತು. ಆಟೋ ತೆಗೆದ ಡಬ್ಬಿ ತಾನಾಗಿ ಚಾಲೂ ಆಗುವುದು ಸಾಧ್ಯವೇ ಇಲ್ಲ, ಫೋನಿನ ಆದೇಶ ಬೇಕೇ ಬೇಕು ಎಂದು ಬರೆದು ಸಹಿ ಮಾಡಿದೆ. ಆ ಕಾಗದದ ಮೇಲೆಯೇ ಸಂಗಣ್ಣನ ಮೇಲೆ ಕೊಲೆ ಕೇಸು ಬಿತ್ತು, ಜಾಮೀನೂ ಸಿಗಲಿಲ್ಲ.

ಕಾವೇರಿ ಬರುವುದು ಬಿಡಲಿಲ್ಲ. ವಿಜಯಪುರದ ಜೈಲಿಗೆ ಹೋಗಿ ಗಂಡನ ಮುಖ ನೋಡಿ, ತಿರುಗಿ ಊರಿಗೆ ಹೋಗುವಾಗ ಇಂಡಿಯಲ್ಲಿ ಇಳಿದು ನನ್ನ ಮೆಟ್ಟಿಲ ಮೇಲೆ ಕೂಡುತ್ತಿದ್ದಳು. ಮಾತಿಲ್ಲ, ಜಗಳವಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನ ತಡೆಯಲಾರದೆ, "ಹೆಂಗದಾನ ನಿನ್ನ ಗಂಡ?" ಎಂದೆ.

"ಈಗೀಗ ಮಾತ ಕಮ್ಮಿ ಮಾಡ್ಯಾರ್ರಿ. ಆಣಿ ಮಾಡೂದೂ ಬಿಟ್ಟಾರ," ಎಂದಳು.

ನೋಡಿದೆಯಾ, ತಪ್ಪು ಮಾಡಿದವನಿಗೆ ಆಣೆ ಎಷ್ಟು ದಿನ ಬಂದೀತು ಎಂದುಕೊಂಡೆ. ನನ್ನ ನಾಲಿಗೆಯಷ್ಟೇ ಕೆಟ್ಟದು ಆಗ ನನ್ನ ಮನಸ್ಸು.

ಜೂನಿನಲ್ಲಿ ಸಂಗಣ್ಣನ ವಕೀಲರು ಕೋರ್ಟಿನಿಂದ ಆದೇಶ ತಂದರು. ಡಬ್ಬಿಯೊಳಗಿನ ದಾಖಲೆಯನ್ನು ತೆಗೆದು ಓದಬೇಕು, ಮಾಡಿದವರೇ ಓದಬೇಕು, ಪೊಲೀಸರೆದುರು ಓದಬೇಕು. ಹೆಡ್ ಕಾನ್‌ಸ್ಟೇಬಲ್ ಬಂದಗಿಸಾಬರು ಬಟ್ಟೆಯಲ್ಲಿ ಹೊಲಿದು ಅರಗು ಹಾಕಿದ ಡಬ್ಬಿಯನ್ನು ತಂದು ನನ್ನ ಮೇಜಿನ ಮೇಲಿಟ್ಟು, ತಾವು ಕುರ್ಚಿ ಹಾಕಿಕೊಂಡು ಎದುರಿಗೇ ಕೂತರು.

"ಒಳಗ ಏನ ಬರದೈತಿ ಅಷ್ಟ ನೋಡ್ರಿ ಅಕ್ಕಾರ. ಒಂದ ಅಕ್ಷರಾನೂ ಅಳಸಬ್ಯಾಡ್ರಿ," ಎಂದರು.

ನೋಡಬೇಕೆಂದರೆ ದಾರಿಯೇ ಇರಲಿಲ್ಲ. ದಾರಿ ಮುಚ್ಚಿದವಳು ನಾನೇ. ಎರಡು ವರ್ಷದ ಹಿಂದೆ ಯಾರೋ ನನ್ನ ಬೋರ್ಡಿನಿಂದ ಪ್ರೋಗ್ರಾಮು ಕದ್ದು ನನ್ನದೇ ಡಬ್ಬಿಯನ್ನು ಬೇರೆ ಹೆಸರಿನಲ್ಲಿ ಮಾರಿದ್ದರು. ಆ ಸಿಟ್ಟಿನಲ್ಲಿ ಬೂಟ್‌ಲೋಡರನ್ನೇ ಬಿಗಿ ಮಾಡಿಬಿಟ್ಟಿದ್ದೆ. ಕರೆಂಟು ಕೊಟ್ಟ ಕೂಡಲೇ ಎಲ್ಲಕ್ಕಿಂತ ಮೊದಲು ಎದ್ದು, ಉಳಿದ ಪ್ರೋಗ್ರಾಮನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮು ಅದು. ಬೋರ್ಡಿಗಿದ್ದದ್ದು ಒಂದೇ ಯುಎಸ್‌ಬಿ. ಅದು ಪೆನ್‌ಡ್ರೈವ್ ಓದುವುದಕ್ಕಷ್ಟೇ ಬರುತ್ತಿತ್ತು; ದಿಲಾವರ ಊರೂರಿಗೆ ಹೋಗಿ ಹೊಸ ಪ್ರೋಗ್ರಾಮು ಹಾಕುತ್ತಿದ್ದುದು ಅದರಿಂದಲೇ. ಬೋರ್ಡೇ ಪೆನ್‌ಡ್ರೈವಿನ ಹಾಗೆ ಲ್ಯಾಪ್‌ಟಾಪಿಗೆ ತನ್ನ ಮೆಮೊರಿಯನ್ನು ತೋರಿಸುವ ಸೌಕರ್ಯವನ್ನು ಬೂಟ್‌ಲೋಡರಿನಿಂದ ಕಿತ್ತು ಹಾಕಿದ್ದೆ. ಮೆಮೊರಿ ಚಿಪ್ಪನ್ನು ಕಾಯಿಸಿ ಕೀಳೋಣವೆಂದರೆ ಅರ್ಧ ಸುಟ್ಟ ಬೋರ್ಡು, ಇದ್ದದ್ದೂ ಹೋದೀತೆಂಬ ಹೆದರಿಕೆ.

ಒಂದೇ ಸಂದಿ ಉಳಿದಿತ್ತು. ಮುಖ್ಯ ಚಿಪ್ಪಿನೊಳಗೆ ಕಾರ್ಖಾನೆಯವರೇ ಅಳಿಸಲು ಬಾರದ ಹಾಗೆ ಬರೆದಿಟ್ಟ ಒಂದು ತುಣುಕಿರುತ್ತದೆ. ಬೋರ್ಡಿನ ಎರಡು ಚುಕ್ಕೆಗಳನ್ನು ತಂತಿಯಿಂದ ಕೂಡಿಸಿ ಕರೆಂಟು ಕೊಟ್ಟರೆ ಅದು ಎದ್ದು ಯುಎಸ್‌ಬಿಯಲ್ಲಿ ಕಾಯುತ್ತದೆ. ಅದರ ಕೈಯಲ್ಲಿ ಹೊಸ ಬೂಟ್‌ಲೋಡರ್ ಕೊಟ್ಟರೆ ದಾಖಲೆಯಿರುವ ಮೆಮೊರಿಯನ್ನು ಮುಟ್ಟದೆ ನೇರ ರ್‍ಯಾಮಿನಲ್ಲೇ ಓಡಿಸುತ್ತದೆ. ಕಿತ್ತು ಹಾಕಿದ್ದನ್ನು ತಿರುಗಿ ಸೇರಿಸಿ, ಓದುವುದು ಮಾತ್ರ, ಬರೆಯುವುದಿಲ್ಲ ಎಂದು ಕಟ್ಟಿ, ಹೊಸದೊಂದು ಬೂಟ್‌ಲೋಡರ್ ಮಾಡಿದೆ.

ಮೊದಲ ಸಲ ಓಡಿಸಿದಾಗ ಲ್ಯಾಪ್‌ಟಾಪು ಉಸಿರೆತ್ತಲಿಲ್ಲ. ಹುಡುಕಿದರೆ, ಬೋರ್ಡಿನ ಯಾವ ಪಿನ್ನಿಗೆ ಏನಿದೆಯೆಂದು ಬರೆದಿಡುವ ಫೈಲಿನಲ್ಲಿ ಆ ಯುಎಸ್‌ಬಿಯನ್ನು ಯಜಮಾನ ಎಂದೇ ಬರೆದಿದ್ದೆ. ಲ್ಯಾಪ್‌ಟಾಪೂ ಯಜಮಾನ, ಬೋರ್ಡೂ ಯಜಮಾನ. ಇಬ್ಬರೂ ಕೇಳುವವರೇ, ಹೇಳುವವರಿಲ್ಲ. ಬೋರ್ಡನ್ನು ಆಳು ಮಾಡಿದೆ. ಎರಡನೆಯ ಸಲ ಕಂಡಿತು, ಕಂಡಷ್ಟೇ ಬೇಗ ಹೋಯಿತು. ಪೆನ್‌ಡ್ರೈವಿಗೆಂದು ಬೋರ್ಡು ಹೊರಗೆ ಕೊಡುತ್ತಿದ್ದ ಐದು ವೋಲ್ಟು ಹಾಗೇ ಇತ್ತು, ಲ್ಯಾಪ್‌ಟಾಪೂ ಆ ಕಡೆಯಿಂದ ಐದು ವೋಲ್ಟು ತಳ್ಳುತ್ತಿತ್ತು. ಅದನ್ನೂ ಆರಿಸಿದೆ. ಬಂದಗಿಸಾಬರು ಮೂರನೆಯ ಚಹಾ ಕುಡಿಯುತ್ತಿದ್ದರು. ಕಾವೇರಿ ಹೊರಗೆ ಮೆಟ್ಟಿಲ ಮೇಲಿದ್ದಳು. ಮೂರನೆಯ ಸಲಕ್ಕೆ ಲ್ಯಾಪ್‌ಟಾಪು ಟಿಣ್ ಎಂದಿತು. ಖಂಡೆಪ್ಪನ ಬಾವಿಯ ಡಬ್ಬಿ ಒಂದು ಪೆನ್‌ಡ್ರೈವಿನ ಹಾಗೆ ಪರದೆಯ ಮೇಲೆ ಕೂತಿತ್ತು.

ಕೆಲವು ಫೈಲು ಹಾಳಾಗಿದ್ದವು. ದಾಖಲೆಯ ಫೈಲು ಉಳಿದಿತ್ತು. ಅದರ ಕೊನೆಯ ಸಾಲುಗಳನ್ನು ಓದಿದೆ.

ಹತ್ತು ಗಂಟೆ ನಲವತ್ತೆರಡು ನಿಮಿಷ, ಕರೆಂಟು ಬಂತು. ಹೊಸ ಪ್ರೋಗ್ರಾಮು ಎದ್ದಿತು. ಹಳೆಯ ಸೆಟ್ಟಿಂಗು ಓದಲು ಬರಲಿಲ್ಲ. ಮೂಲ ಸೆಟ್ಟಿಂಗು ಹಾಕಿಕೊಂಡಿತು. ಆಟೋ ಚಾಲೂ. ನಲವತ್ಮೂರು, ಮೋಟಾರು ಚಾಲೂ. ಆ ದಿನ ಫೋನಿನ ಆದೇಶ ಒಂದೂ ಇಲ್ಲ.

ಹಿಂದಿನ ದಿನ ದಿಲಾವರ ಪೆನ್‌ಡ್ರೈವಿನಿಂದ ಹೊಸ ಪ್ರೋಗ್ರಾಮು ಹಾಕಿ ಬಂದಿದ್ದ. ಅದು ಜೀವ ಹಿಡಿಯುವುದು ಮುಂದಿನ ಸಲ ಕರೆಂಟು ಹೋಗಿ ಬಂದಾಗ. ಆ ಪ್ರೋಗ್ರಾಮಿನಲ್ಲಿ ಸೆಟ್ಟಿಂಗು ಬರೆದಿಡುವ ರೀತಿಯನ್ನು ನಾನು ಬದಲು ಮಾಡಿದ್ದೆ, ಹಳೆಯ ರೀತಿ ಓದುವುದನ್ನು ಸೇರಿಸಲು ಮರೆತಿದ್ದೆ. ಆಟೋ ಇಲ್ಲದ ಡಬ್ಬಿ ಸುಮ್ಮನಿದ್ದರೆ ಕೆಟ್ಟಿದೆಯೆಂದು ಜನ ತಲೆ ತಿನ್ನುತ್ತಾರೆಂದು ಮೂಲ ಸೆಟ್ಟಿಂಗಿನಲ್ಲಿ ಆಟೋ ಇಟ್ಟವಳೂ ನಾನೇ. ಮಾರ್ಚಿನಲ್ಲಿ ಸಿಂದಗಿಯ ಕಡೆಯಿಂದ ಇಬ್ಬರು ಫೋನು ಮಾಡಿ, ಆಟೋ ತೆಗೆದರೂ ಡಬ್ಬಿ ತಾನೇ ಚಾಲೂ ಆಗುತ್ತಿದೆ ಎಂದಿದ್ದರು. ನೀವೇ ಏನೋ ಒತ್ತಿರಬೇಕೆಂದು ಬೈದು ಇಟ್ಟಿದ್ದೆ.

"ಸಿಕ್ತೇನ್ರಿ?" ಎಂದರು ಬಂದಗಿಸಾಬರು.

ಪರದೆ ನನ್ನ ಕಡೆಗಿತ್ತು. ಅವರಿಗೆ ಅದರಲ್ಲಿ ಒಂದು ಸಾಲೂ ತಿಳಿಯುವುದಿಲ್ಲ. ಫೈಲು ಹಾಳಾಗಿದೆ ಎಂದಿದ್ದರೆ ಎದ್ದು ಹೋಗುತ್ತಿದ್ದರು. ಹಾಗನ್ನಲು ಬಾಯಿ ಕೂಡ ತೆರೆದೆ, ಅದನ್ನು ಮುಚ್ಚಿಡುವುದಿಲ್ಲ. ಆಗ ಹೊರಗೆ ಕಾವೇರಿ ಯಾರಿಗೋ ಫೋನಿನಲ್ಲಿ, "ಇನ್ನೂ ಓದಾಕತ್ತಾರ, ಓದಿ ಹೇಳ್ತಾರಂತ," ಎಂದದ್ದು ಕೇಳಿಸಿತು.

"ಸಿಕ್ತ್ರಿ. ಸಂಗಣ್ಣ ಒತ್ತಿಲ್ಲ. ತಪ್ಪ ನಂದೈತಿ," ಎಂದೆ.

ಅವರು ಚಹಾದ ಕಪ್ಪು ಕೆಳಗಿಟ್ಟರು. "ವಿಚಾರ ಮಾಡಿ ಹೇಳ್ರಿ ಅಕ್ಕಾರ. ನಾಳೆ ಇದು ನಿಮ್ಮ ಕೊರಳಿಗೆ ಬರ್ತೈತಿ."

"ಬರ್ಲಿ ಬಿಡ್ರಿ," ಎಂದು ಕಾಗದ ತೆಗೆದುಕೊಂಡು, ಹಿಂದೆ ಬರೆದುಕೊಟ್ಟದ್ದು ತಪ್ಪು ಎಂದು ಮೊದಲ ಸಾಲಿನಲ್ಲೇ ಬರೆದೆ.

ಅದೇ ದಿನ ನಾನೂ ದಿಲಾವರನೂ ಎರಡು ಫೋನು ಹಿಡಿದು ಕೂತು, ನಾಲ್ಕೂ ತಾಲ್ಲೂಕಿನ ಎಲ್ಲರಿಗೂ ಡಬ್ಬಿ ಬಂದ್ ಮಾಡಿರೆಂದು ಹೇಳಿದೆವು. ಮುಂದೆ ತಿಂಗಳುಗಟ್ಟಲೆ ಊರೂರು ತಿರುಗಿ ಒಂದೊಂದನ್ನೇ ಬಿಚ್ಚಿ ತಂದೆವು. ನನ್ನ ಮೇಲೆ ಕೇಸಾಗಿದೆ, ನಡೆಯುತ್ತಿದೆ. ಅದರ ಬಗ್ಗೆ ನನಗೆ ತಕರಾರಿಲ್ಲ.

ಕಾವೇರಿಗೆ ಕಾಗದ ಓದಿ ಹೇಳಿದಾಗ ಅವಳು ನನ್ನನ್ನು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಸೆರಗು ಬಾಯಿಗೆ ಹಿಡಿದು ಬಹಳ ಹೊತ್ತು ಅತ್ತಳು, ಆಮೇಲೆ ಒಂದು ನಕಲು ಕೊಡಿರೆಂದು ಕೇಳಿ, ಮಡಿಚಿ ಕುಪ್ಪಸದಲ್ಲಿ ಇಟ್ಟುಕೊಂಡು ಬಸ್ಸಿಗೆ ಹೋದಳು.

ಜುಲೈಯಲ್ಲಿ ಸಂಗಣ್ಣ ಬಿಡುಗಡೆಯಾಗಿ ಬಂದ. ಅವನ ಮುಖ ನೋಡಿ ತಪ್ಪಾಯಿತು ಎನ್ನದಿದ್ದರೆ ನನಗೆ ಅನ್ನ ಇಳಿಯುವ ಹಾಗಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ದಾಖಲೆಯ ನಕಲು ಹಾಕಿಕೊಂಡು ಲಚ್ಯಾಣಕ್ಕೆ ಹೋದೆ. ಕಾವೇರಿ ದಾರಿಗೇ ಬಂದು ನಿಂತಿದ್ದಳು, ಮುಖ ಗಂಡ ಜೈಲಿನಲ್ಲಿದ್ದ ದಿನಗಳಿಗಿಂತ ಸಣ್ಣದಾಗಿತ್ತು.

"ಚೊಲೊ ಆತ್ರಿ ನೀವು ಬಂದದ್ದು. ನೀವರ ಹೇಳ್ರಿ ಅವರಿಗೆ," ಎಂದಳು. "ನಮ್ಮ ಪಾಳಿ ನೀರೂ ಕಸ್ತೂರೆವ್ವನ ಹೊಲಕ್ಕ ಬಿಡ್ತಾರ. ನಮ್ಮ ಲಿಂಬಿ ಗಿಡ ಒಣಗಾಕತ್ತಾವ. ಕೇಳಿದ್ರ ಮಾತಿಲ್ಲ."

ಕಸ್ತೂರೆವ್ವ ಎಂದರೆ ಖಂಡೆಪ್ಪನ ಹೆಂಡತಿ. ಅವಳ ಹೊಲದಲ್ಲೇ ಸಂಗಣ್ಣ ಸಲಿಕೆ ಹಿಡಿದು ಮಡಿಗಳಿಗೆ ನೀರು ಹಾಯಿಸುತ್ತಿದ್ದ. ನಲವತ್ತರ ಆಳು, ಅಂಗಿಯೊಳಗೆ ಮೈಯೇ ಇರಲಿಲ್ಲ.

"ಸಂಗಣ್ಣ, ನನ್ನ ತಪ್ಪಿನಿಂದ ನೀ ಜೈಲಿನಾಗ ಕುಂತಿ. ನನ್ನ ಪ್ರೋಗ್ರಾಮಿನಾಗ ಎಡವಟ್ಟಾಗಿತ್ತು. ಕಾಲ ಬೀಳಂದ್ರ ಬೀಳ್ತೇನಿ," ಎಂದೆ.

"ಛೆ, ಹಂಗ ಅನಬ್ಯಾಡ್ರಿ ಅಕ್ಕಾರ. ನೀವು ದೊಡ್ಡ ಮನಸ್ಸ ಮಾಡಿ ನನ್ನ ಬಿಡಿಸೀರಿ. ಆದ್ರ ಒತ್ತಿದಾಂವ ನಾನ ಅದೇನ್ರಿ."

ನನಗೆ ಎಂದಿನಂತೆ ಸಿಟ್ಟೇ ಮೊದಲು ಬಂತು. "ತಲಿ ಕೆಟ್ಟೈತೇನ ನಿನಗ? ನಾ ಕಣ್ಣಾರೆ ನೋಡೇನಿ. ಫೋನಿನ ಆದೇಶ ಒಂದೂ ಇಲ್ಲ ಅದ್ರಾಗ."

ಅವನು ಸಲಿಕೆಯ ಮೇಲೆ ಕೈ ಊರಿ ನಿಂತ. ದನಿಯಲ್ಲಿ ಅವಸರವಿರಲಿಲ್ಲ.

"ಮೊದಲಿಗೆ ನನಗೂ ಒತ್ತಿಲ್ಲಂತನ ಅನಸ್ತಿತ್ರಿ. ಆಮ್ಯಾಲ ನೀವು ಬರದ ಕಾಗದ ವಕೀಲ್ರು ಓದಿ ಹೇಳಿದ್ರು. ಡಬ್ಬಿ ತಾನ ಚಾಲೂ ಆಗೂದು ಸಾಧ್ಯನ ಇಲ್ಲಂತ. ಕಲತಾವ್ರು ಸುಮ್ಮನ ಬರೀತಾರೇನು? ದಿನಾ ಅದನ್ನ ವಿಚಾರ ಮಾಡ್ಕೋತ ಕುಂತೆ. ಒಂದಿನ ನೆನಪಾತ್ರಿ. ಬದುವಿನ ಮ್ಯಾಲ ನಿಂತಿದ್ದೆ. ಖಂಡೆಪ್ಪನ ಮ್ಯಾಲ ಸಿಟ್ಟಿತ್ತು. ಕಿಸೆದಾಗಿಂದ ಫೋನ್ ತಗದೆ, ಒತ್ತಿದೆ." ಬಲಗೈಯ ಹೆಬ್ಬೆರಳನ್ನು ಎತ್ತಿ ತೋರಿಸಿದ. "ಇದರಲೇ ಒತ್ತಿದೆ. ಈಗೂ ಕಣ್ಣ ಮುಂದ ಕಾಣ್ತೈತಿ."

ಕಾವೇರಿ ಹಿಂದೆ ನಿಂತು ಅಳುತ್ತಿದ್ದಳು. ನಾನು ಬದುವಿನ ಮೇಲೆಯೇ ಕೂತು ಲ್ಯಾಪ್‌ಟಾಪು ತೆರೆದೆ. ಒಂದೊಂದು ಸಾಲಿನ ಮೇಲೆ ಬೆರಳಿಟ್ಟು, ಇದು ಕರೆಂಟು ಬಂದದ್ದು, ಇದು ಆಟೋ ಆದದ್ದು, ಇಲ್ಲಿ ನಿನ್ನ ಹೆಸರೇ ಇಲ್ಲ ಎಂದು ಸಣ್ಣ ಮಕ್ಕಳಿಗೆ ಹೇಳಿದ ಹಾಗೆ ಹೇಳಿದೆ. ಅವನು ಬಗ್ಗಿ, ಮರ್ಯಾದೆಯಿಂದ ಕೊನೆಯ ತನಕ ನೋಡಿದ.

"ಆ ಕಾಗದದಂಗ ಇದೂ ನೀವು ಬರದದ್ದ ಅಲ್ಲೇನ್ರಿ ಅಕ್ಕಾರ?" ಎಂದು ಕೇಳಿ, ತುಂಬಿದ ಮಡಿಯ ಬಾಯಿ ಮುಚ್ಚಲು ಹೋದ.