ಆರೇ ದಿನಕ್ಕೆ ಮುಗಿದ ಡಬ್ಬಿ

ಎರಡನೆಯ ಸಲ ಮಲಗಿಸಿದಾಗಲೂ ತೂಕದ ಯಂತ್ರದ ಅಂಕಿ ಬದಲಾಗಲಿಲ್ಲ. ಮೂರು ಕಿಲೋ ಎಂಟುನೂರ ಐವತ್ತು ಗ್ರಾಂ. ಹಿಂದಿನ ವಾರ ಇದೇ ಮೇಜಿನ ಮೇಲೆ ಇದೇ ಯಂತ್ರ ನಾಲ್ಕು ಕಿಲೋ ಇನ್ನೂರು ತೋರಿಸಿತ್ತು.

ಏಳು ವಾರದ ಕೂಸು ಏಳು ದಿನಗಳಲ್ಲಿ ಮುನ್ನೂರ ಐವತ್ತು ಗ್ರಾಂ ಇಳಿದಿತ್ತು.

ಮನೆಮನೆಗೆ ಹೋಗಿ ಶಿಶುಗಳ ಆರೋಗ್ಯ ನೋಡುವುದು ಆ ದಾದಿಯ ಹತ್ತೊಂಬತ್ತು ವರ್ಷಗಳ ಕೆಲಸ. ಅವಳು ಮಗುವಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಿನಿಂದ ಮೆಲ್ಲಗೆ ಎತ್ತಿ ಬಿಟ್ಟಳು. ನಾದಿದ ಹಿಟ್ಟಿನಂತೆ ಅದು ಹಾಗೆಯೇ ನಿಂತಿತು. ತುಟಿ ಒಣಗಿತ್ತು. ಮಗು ಒಮ್ಮೆ ಅತ್ತಿತು. ಕಿವಿಗೆ ಚುಚ್ಚುವಷ್ಟು ಚೂಪಾದ, ಮಗುವಿನದೇ ಅಲ್ಲವೆನಿಸುವ ಅಳು. ಬಳಿಕ ಕೈಕಾಲು ಅದುರಿಸಿ ತೂಕಡಿಸಿತು.

"ನಿನ್ನೆಯಿಂದ ಎಷ್ಟು ಬಟ್ಟೆ ಒದ್ದೆಯಾಗಿದೆ?"

"ಎರಡು," ಎಂದಳು ಮಗುವಿನ ಸೋದರತ್ತೆ. "ಮೂರು ದಿನದಿಂದ ಹೊಟ್ಟೆ ಬೇರೆ ಕೆಟ್ಟಿದೆ ಸಿಸ್ಟರ್. ಸೆಕೆಗೇನೋ ಅಂದ್ಕೊಂಡ್ವಿ. ಅತ್ತಾಗೆಲ್ಲ ಹಸಿವು ಅಂತ ಹಾಲು ಕೊಟ್ಟೆ. ಗಟಗಟ ಕುಡಿಯುತ್ತೆ, ಮತ್ತೆ ಅಳುತ್ತೆ."

ಮಗುವಿನ ತಾಯಿ ಹೆರಿಗೆಯಾದ ಮೂರನೆಯ ದಿನವೇ ತೀರಿಕೊಂಡಿದ್ದಳು. ಅಂದಿನಿಂದ ಕೂಸಿಗೆ ಡಬ್ಬಿಯ ಹಾಲಿನ ಪುಡಿಯೇ ಗತಿ. ತಂದೆ ಎರಕದ ಕಾರ್ಖಾನೆಯಲ್ಲಿ ಮರಳಿನ ಅಚ್ಚು ಕಟ್ಟುವವನು. ತಮ್ಮನ ಸಂಸಾರ ಬಿದ್ದುಹೋಗಬಾರದೆಂದು ಅಕ್ಕ ತನ್ನ ಬಟ್ಟೆ ಒಗೆಯುವ ಕೆಲಸ ಬಿಟ್ಟು ಬಂದು ನಿಂತಿದ್ದಳು. ಸತ್ತವಳ ತಾಯಿ ಪಕ್ಕದ ಬೀದಿಯವಳು. ದಿನಕ್ಕೆರಡು ಸಲ ಬಂದು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಈಗಲೂ ಅಲ್ಲೇ ಇದ್ದಳು.

"ಕೇಳಿ ಸಿಸ್ಟರ್," ಎಂದಳು ಅವಳು. "ಹತ್ತು ದಿನ ಬರೋ ಡಬ್ಬಿ ಈ ಮನೇಲಿ ಆರೇ ದಿನಕ್ಕೆ ಮುಗಿಯುತ್ತೆ. ಮಗು ನೋಡಿದ್ರೆ ಕಡ್ಡಿ. ಪುಡಿ ಎಲ್ಲಿಗೆ ಹೋಗ್ತಿದೆ?"

"ನನ್ನ ಕೇಳ್ತಿದೀರಾ?" ಸೋದರತ್ತೆ ತಿರುಗಿದಳು.

"ಬೇಲಿನೇ ಎದ್ದು ಹೊಲ ಮೇಯ್ದ್ರೆ ಯಾರನ್ನ ಕೇಳೋದು? ದಿನಕ್ಕೆ ಎಷ್ಟು ಲೋಟ ಕಾಫಿ ಇಳಿಯುತ್ತೆ ನಿಮಗೆ?"

"ನಾನು ಹಾಲು ಹಾಕದ ಕರೀ ಕಾಫಿ ಕುಡಿಯೋಳು. ಬೇಕಾದ್ರೆ ಲೋಟ ಮೂಸಿ ನೋಡಿ. ನಿಮ್ಮ ಮೂಗು ಹೇಗೂ ನಮ್ಮ ಮನೆ ಒಳಗೇ ಇರುತ್ತಲ್ಲ!"

"ಅತ್ತೆ, ಸಾಕು. ಅಕ್ಕ, ನೀನೂ ಸುಮ್ನಿರು," ಎಂದ ತಂದೆ. ಅವನ ಕಣ್ಣು ಮಗುವಿನ ಮೇಲಿಂದ ಕದಲಿರಲಿಲ್ಲ.

ದಾದಿ ಆಗಲೇ ಆಂಬುಲೆನ್ಸಿಗೆ ಕರೆ ಮಾಡಿದ್ದಳು. ಹನ್ನೆರಡು ನಿಮಿಷ ಎಂದಿದ್ದರು. ನಂತರ ಆಸ್ಪತ್ರೆಯ ಮಕ್ಕಳ ವೈದ್ಯರಿಗೆ ಎಲ್ಲವನ್ನೂ ವಿವರಿಸಿದಳು. ಅತ್ತಲಿಂದ ಬಂದದ್ದು ಒಂದೇ ಪ್ರಶ್ನೆ. "ಹಾಲು ತೆಳ್ಳಗಿತ್ತಾ, ಗಟ್ಟಿಯಾಗಿತ್ತಾ? ಎರಡಕ್ಕೂ ಚಿಕಿತ್ಸೆ ಬೇರೆ. ತಪ್ಪಾದ್ರೆ ಮಿದುಳಿಗೆ ಪೆಟ್ಟು. ರಕ್ತಪರೀಕ್ಷೆ ಆಗೋತನಕ ನಿಮ್ಮ ಮಾತೇ ನನಗೆ ಆಧಾರ. ತಿಳ್ಕೊಂಡು ಬನ್ನಿ."

ತೆಳ್ಳಗೇ ಇರಬೇಕು ಎನಿಸಿತು ದಾದಿಗೆ. ಇಷ್ಟು ವರ್ಷಗಳಲ್ಲಿ ಅವಳು ಕಂಡದ್ದು ಅದನ್ನೇ: ಪುಡಿ ಉಳಿಸಲೆಂದು ನೀರು ಹೆಚ್ಚಿಸುವ ಮನೆಗಳು. ಹಿಂದಿನ ವಾರ ಈ ಮಗುವಿನ ತೂಕ ಏರದೆ ನಿಂತಾಗಲೂ ಅವಳು ಹಾಗೆಯೇ ಊಹಿಸಿ, 'ಹಾಲು ತೆಳ್ಳಗೆ ಮಾಡಬೇಡಿ, ಚಮಚ ಭರ್ತಿ ಇರಲಿ' ಎಂದು ಒತ್ತಿ ಹೇಳಿ ಹೋಗಿದ್ದಳು. ಆದರೆ ತೆಳ್ಳಗೆ ಕಲಸಿದರೆ ಡಬ್ಬಿ ಹದಿನೈದು ದಿನ ಬರಬೇಕು. ಆರೇ ದಿನಕ್ಕೆ ಹೇಗೆ ಮುಗಿಯುತ್ತದೆ?

"ಹಾಲು ಕಲಸೋರು ಯಾರು?"

"ನೀರು ನನ್ನದು," ಎಂದಳು ಸೋದರತ್ತೆ. "ಕುದಿಸಿ ಆರಿಸಿ, ಬಾಟ್ಲಿ ಗೆರೆ ನೋಡಿ ಹಾಕ್ತೀನಿ. ಪುಡಿ ಮುಟ್ಟೋಕೆ ಇವನು ಬಿಡಲ್ಲ. ಪಾಳಿಗೆ ಹೋಗೋ ಮುಂಚೆ ಸಣ್ಣ ಡಬ್ಬಿಗಳಲ್ಲಿ ಒಂದೊಂದು ಸಲದ್ದು ಅಳೆದು ಇಟ್ಟು ಹೋಗ್ತಾನೆ."

ಗೋಡೆಯ ಹಲಗೆಯ ಮೇಲೆ ಎಂಟು ಪುಟ್ಟ ಡಬ್ಬಿಗಳು ಒಂದೇ ಸಾಲಿನಲ್ಲಿದ್ದವು. ಪ್ರತಿಯೊಂದರ ಮುಚ್ಚಳದ ಮೇಲೂ ಹಾಲೂಡಿಸುವ ವೇಳೆಯನ್ನು ಬರೆದ ಚೀಟಿ.

"ನನ್ನ ಕಣ್ಣೆದುರಿಗೆ ಒಂದ್ಸಲ ಅಳೆದು ತೋರಿಸಪ್ಪಾ," ಎಂದಳು ದಾದಿ.

ಅವನು ಕೈ ತೊಳೆದು ಒರೆಸಿಕೊಂಡ. ಡಬ್ಬಿಯಲ್ಲಿದ್ದ ಅಳತೆಯ ಚಮಚವನ್ನು ಪುಡಿಯಲ್ಲಿ ಅದ್ದಿ ತೆಗೆದ. ಮೇಜಿನ ಅಂಚಿಗೆ ಮೂರು ಸಲ ತಟ್ಟಿದ, ಪುಡಿ ಕುಸಿಯಿತು. ಮೇಲೆ ಇನ್ನಷ್ಟು ಹಾಕಿ, ಹೆಬ್ಬೆರಳಿನಿಂದ ಅಂಚಿನಿಂದ ನಡುವಿಗೆ ಸುತ್ತಲೂ ಒತ್ತಿದ. ಮತ್ತೆ ಹಾಕಿದ, ಮತ್ತೆ ಒತ್ತಿದ. ಕೊನೆಗೆ ಉಕ್ಕಿನ ಪಟ್ಟಿಯೊಂದನ್ನು ಚಮಚದ ಬಾಯಿಯ ಮೇಲೆ ಎಳೆದ. ಚಮಚದ ಮೇಲ್ಮೈ ಕನ್ನಡಿಯಂತೆ ಸಮವಾಯಿತು.

"ಮಟ್ಟ ನೋಡಿ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ," ಎಂದ. ಆ ಗಳಿಗೆಯಲ್ಲೂ ಅವನ ದನಿಯಲ್ಲಿ ಕಸುಬುದಾರನ ಸಣ್ಣ ಹೆಮ್ಮೆಯಿತ್ತು. "ಅಚ್ಚಿನ ಮರಳೂ ಹೀಗೇ. ಒಳಗೆ ಗಾಳಿ ಉಳಿದ್ರೆ ಎರಕ ಕೆಟ್ಟಿತು ಅಂತಾನೇ ಲೆಕ್ಕ."

ದಾದಿ ಮೇಜಿನ ಮೇಲೆ ಕಾಗದವೊಂದನ್ನು ಹಾಸಿದಳು. ಆ ಚಮಚವನ್ನು ಕಾಗದದ ಮೇಲೆ ಬೋರಲು ಹಾಕಿದಳು. ಪುಡಿ ಅಚ್ಚಿನಿಂದ ಬಿಟ್ಟ ಬಿಲ್ಲೆಯಂತೆ ಇಡಿಯಾಗಿ ಬಿತ್ತು. ಅದನ್ನು ಬೆರಳಿನಿಂದ ಬಿಡಿಸಿದಳು. ಅದೇ ಪುಡಿಯನ್ನು ಅದೇ ಚಮಚಕ್ಕೆ ಒತ್ತದೆ, ತಟ್ಟದೆ, ಸಡಿಲವಾಗಿ ತುಂಬಿ ಮೇಲ್ಭಾಗವನ್ನು ಮಟ್ಟ ಮಾಡಿದಳು. ಚಮಚ ತುಂಬಿತು. ಕಾಗದದ ಮೇಲೆ ಇನ್ನೂ ಅರ್ಧ ಚಮಚಕ್ಕೂ ಹೆಚ್ಚು ಪುಡಿ ಉಳಿದಿತ್ತು.



"ಪುಡಿ ಎಲ್ಲೂ ಹೋಗಿಲ್ಲಮ್ಮಾ," ಎಂದಳು ದಾದಿ, ಬಾಗಿಲಲ್ಲಿದ್ದ ಅಜ್ಜಿಯ ಕಡೆ ನೋಡದೆ. "ಎಲ್ಲಾ ಮಗುವಿನ ಹೊಟ್ಟೆಗೇ ಹೋಗಿದೆ. ಹಾಲು ಒಂದೂವರೆ ಪಟ್ಟು ಗಟ್ಟಿ. ಪುಡಿಯಲ್ಲಿರೋ ಅಷ್ಟು ಉಪ್ಪನ್ನ ಹೊರಗೆ ಹಾಕೋಕೆ ಕೂಸು ಮೈಯೊಳಗಿನ ನೀರನ್ನೇ ಖರ್ಚು ಮಾಡ್ತು. ಜೊತೆಗೆ ಭೇದಿ. ಅತ್ತಿದ್ದು ಹಸಿವಿಗಲ್ಲ, ಬಾಯಾರಿಕೆಗೆ."

ತಂದೆಯ ಕೈಯಲ್ಲಿ ಉಕ್ಕಿನ ಪಟ್ಟಿ ಇನ್ನೂ ಇತ್ತು. "ತೆಳ್ಳಗೆ ಮಾಡ್ಬೇಡಿ ಅಂತ ನೀವೇ ಹೇಳಿದ್ರಲ್ಲ ಸಿಸ್ಟರ್. ಆವತ್ತಿನಿಂದ ಇನ್ನೂ ಬಿಗಿಯಾಗಿ ಒತ್ತಿದೆ."

ಅವನು ಅದನ್ನು ಆರೋಪವಾಗಿ ಹೇಳಲಿಲ್ಲ. ತಿಳಿಯದೆ ಕೇಳಿದ.  ಮಟ್ಟವಾಗಿ ತುಂಬಿ ಎಂದು ದಾದಿ ನೂರಾರು ಮನೆಗಳಲ್ಲಿ ಹೇಳಿದ್ದಳು. ಒತ್ತಬೇಡಿ ಎಂದು ಒಂದು ಮನೆಯಲ್ಲೂ ಹೇಳಿರಲಿಲ್ಲ.

"ಹಾಗಾದ್ರೆ ಈಗ್ಲೇ ನೀರು ಕೊಡೋಣ!" ಅವನು ಬಾಟಲಿಗೆ ಕೈ ಚಾಚಿದ.

"ಬೇಡ!" ದಾದಿ ಅವನ ಮಣಿಕಟ್ಟು ಹಿಡಿದಳು. "ಒಮ್ಮೆಲೇ ನೀರು ಹೋದ್ರೆ ಮಿದುಳು ಊದ್ಕೊಳ್ಳುತ್ತೆ. ಹನಿ ಹನಿ ಲೆಕ್ಕದಲ್ಲಿ ಆಸ್ಪತ್ರೆಯವರೇ ಇಳಿಸ್ಬೇಕು."

ಆಂಬುಲೆನ್ಸಿನ ಸದ್ದು ಬೀದಿಯ ತುದಿಯಲ್ಲಿ ಕೇಳಿಸಿದಾಗ ಮಗುವಿನ ಕಣ್ಣುಗುಡ್ಡೆಗಳು ಒಂದೇ ಕಡೆಗೆ ಸರಿದು ನಿಂತವು. ಬಲಗೈ ಲಯಬದ್ಧವಾಗಿ ಸೆಟೆದು ಅದುರತೊಡಗಿತು.

ಫಿಟ್ಸ್ ನಿಂತದ್ದು ಆಸ್ಪತ್ರೆ ಸೇರಿ ಇಪ್ಪತ್ತು ನಿಮಿಷಗಳ ನಂತರ. ರಕ್ತದ ಉಪ್ಪಿನಂಶವನ್ನು ಕಂಡ ವೈದ್ಯರು, "ನೀವು ಹೇಳಿದ್ದು ಸರಿ. ತೆಳು ಅಂದಿದ್ರೆ ಈ ಮಗು ಉಳೀತಿರ್ಲಿಲ್ಲ," ಎಂದರು. ದಾದಿಗೆ ಅದರಿಂದ ಸಮಾಧಾನವಾಗಲಿಲ್ಲ. ಮನೆಭೇಟಿಯ ವರದಿಯಲ್ಲಿ ಹಿಂದಿನ ವಾರದ ತನ್ನ ಸಲಹೆಯನ್ನು ಹೇಳಿದ ಮಾತಿನಲ್ಲೇ ಬರೆದಳು. ಕೆಳಗೆ ಸಹಿ ಹಾಕಿದಳು.

ಎರಡು ದಿನ ಕೊಳವೆಯಲ್ಲಿ ನೀರು ಗಂಟೆಯ ಲೆಕ್ಕದಲ್ಲಿ ಇಳಿಯಿತು. ಮೂರನೆಯ ದಿನ ಬೆಳಿಗ್ಗೆ ವಾರ್ಡಿನ ಹೊರಗೆ ಅಜ್ಜಿ ಬೇರೊಬ್ಬ ಹೆಂಗಸಿನ ಬಳಿ, "ಮಗು ನೋಡ್ಕೊಳ್ಳೋಳೇ ಸರಿಯಿಲ್ಲ. ತಾಯಿ ಇದ್ದಿದ್ರೆ..." ಎನ್ನುತ್ತಿದ್ದಳು. ಸೋದರತ್ತೆ ಬೆಂಚಿನ ಆ ತುದಿಯಲ್ಲಿ ತಲೆತಗ್ಗಿಸಿ ಕೂತಿದ್ದಳು. 

ತಂದೆ ಎದ್ದು ಅತ್ತೆಯ ಮುಂದೆ ನಿಂತ.

"ಅಕ್ಕ ಅಲ್ಲ. ನಾನು. ಎಂಟು ಡಬ್ಬಿ, ದಿನಾ, ಈ ಕೈಯಲ್ಲೇ ತುಂಬಿದ್ದು. ಯಾರಿಗೆ ಹೇಳ್ತೀರೋ ಹೇಳಿ. ಆದ್ರೆ ನನ್ನ ಹೆಸರಲ್ಲಿ ಹೇಳಿ."

"ನನ್ನ ಹೆಸರನ್ನೂ ಸೇರಿಸಿ," ಎಂದಳು ಆಗಷ್ಟೇ ಮೆಟ್ಟಿಲು ಹತ್ತಿ ಬಂದ ದಾದಿ. "ಹೇಳ್ಬೇಕಾದ್ದನ್ನ ಹೇಳದೆ ಬಿಟ್ಟೋಳು ನಾನು."

ಅಜ್ಜಿ ಇಬ್ಬರನ್ನೂ ನೋಡಿದಳು. ಬಯ್ಯಲು ಬಾಯಿ ತೆರೆದಳು; ಯಾರನ್ನು ಬಯ್ಯಬೇಕೆಂದು ತಿಳಿಯಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಬೆಂಚಿನ ಮೇಲೆ ಕುಸಿದಳು. ಸೋದರತ್ತೆ ಸರಿದು ಜಾಗ ಕೊಟ್ಟಳು.

ವೈದ್ಯರು ಒಳಗೆ ಕರೆದರು. ಉಪ್ಪು ಹತೋಟಿಗೆ ಬಂದಿದೆ, ಜೀವಕ್ಕೆ ಭಯವಿಲ್ಲ. ಆದರೆ ಮಿದುಳಿನ ಎಡಭಾಗದಲ್ಲಿ ರಕ್ತಸ್ರಾವವಾಗಿದೆ ಎಂದರು.

"ಅಂದ್ರೆ?" ತಂದೆ ಕೇಳಿದ.

ವೈದ್ಯರು ಮಗುವಿನ ಎಡ ಅಂಗೈಗೆ ಬೆರಳಿಟ್ಟರು. ಪುಟ್ಟ ಬೆರಳುಗಳು ಮಡಚಿ ಗಟ್ಟಿಯಾಗಿ ಹಿಡಿದವು. ನಂತರ ಬಲ ಅಂಗೈಗೆ ಇಟ್ಟರು. ಅದು ಹೂವಿನಂತೆ ಬಿಚ್ಚಿಕೊಂಡೇ ಇತ್ತು.

"ಎಷ್ಟು ಸರಿಹೋಗುತ್ತೆ ಅಂತ ಈಗ ಹೇಳೋಕಾಗಲ್ಲ. ವರ್ಷಗಟ್ಟಲೆ ಕೈಗೆ ವ್ಯಾಯಾಮ ಮಾಡಿಸ್ಬೇಕು. ಆದ್ರೂ ಪೂರ್ತಿ ಸರಿಹೋಗುತ್ತೆ ಅಂತ ನಾನು ಮಾತು ಕೊಡಲ್ಲ."

ತಂದೆ ಮಂಚದ ಬಲಬದಿಗೆ ಸುತ್ತಿ ಬಂದ. "ಹೇಗೆ ಮಾಡಿಸ್ಬೇಕು, ತೋರಿಸಿ," ಎಂದ. ಮತ್ತೆ ಸೇರಿಸಿದ, "ಎಷ್ಟು ಮೆಲ್ಲಗೆ ಹಿಡೀಬೇಕು ಅನ್ನೋದನ್ನೂ ಹೇಳಿ. ನನಗದು ಗೊತ್ತಾಗಲ್ಲ."